ನಾಲ್ಕು ನಲವತ್ತು

"ತಲೆ ಕಡೆ ಎತ್ತಿ, ಕಾಲು ಕಡೆ ಇಳಿಸಿ. ಗೋಡೆಗೆ ತಾಗಿಸಬೇಡಿ!" ಕೆಳಮನೆಯ ದರ್ಜಿ ಕೂಗುತ್ತಿದ್ದ. ಮೆಟ್ಟಿಲ ತಿರುವು ಇಕ್ಕಟ್ಟು. ಹೆಣ ಹೊತ್ತ ನಾಲ್ವರೂ ಬೆವರಿ ನೀರಾಗಿದ್ದರು.

"ಇದ್ದಾಗ ಯಾರಿಗೂ ಭಾರ ಆಗಿರ್ಲಿಲ್ಲ ಗುಮಾಸ್ತರು," ಎಂದ ಒಬ್ಬ.

"ಮೂವತ್ತು ವರ್ಷದ ಕಾಗದಾನೆಲ್ಲ ಹೊಟ್ಟೇಲಿಟ್ಕೊಂಡು ಹೊರಟಿದಾರೆ, ಭಾರ ಇರಲ್ವೇನಯ್ಯ?"

ಕೆಳಗೆ ಸ್ಟ್ರೆಚರ್ ಕಾದಿತ್ತು. ಖಾಸಗಿ ಆಸ್ಪತ್ರೆಗಳ ಸಂಘ ಕಳಿಸಿದ್ದು. ಹೊಸದು, ಚಕ್ರ ಸದ್ದೇ ಮಾಡುತ್ತಿರಲಿಲ್ಲ. ಮಗಳು ಅದನ್ನೇ ನೋಡುತ್ತ ನಿಂತಳು. ನಿನ್ನೆ ಇದೇ ಸಂಘದ ಆಸ್ಪತ್ರೆಯೊಂದರ ಗೇಟಿನಲ್ಲಿ ಇಂಥದೊಂದನ್ನು ಕೇಳಿ ಕೇಳಿ ಅವಳ ಗಂಟಲು ಕಟ್ಟಿಹೋಗಿತ್ತು.

ಹೆಣವನ್ನು ಅದರ ಮೇಲೆ ಮಲಗಿಸಿದ ಮೇಲೆ ಸಂಘದ ಅಧ್ಯಕ್ಷರು ಹೂವು ಇಟ್ಟು ಅವಳ ಪಕ್ಕಕ್ಕೆ ಬಂದರು. ಹಿಂದೆ ಹೊಸ ಗುಮಾಸ್ತ, ಕೈಯಲ್ಲಿ ಕಾಗದ.

"ಪತ್ರಿಕೆಯವರು ಬೆಳಗಿನಿಂದ ಫೋನ್ ಮಾಡ್ತಿದಾರಮ್ಮ. ಮನೆಯವರದೊಂದು ಸಹಿ ಬಿದ್ರೆ ಬಾಯಿ ಮುಚ್ಕೋತಾರೆ. ನಿಮ್ಮಪ್ಪನ ನಮೂನೇನೇ, ಒಂದಕ್ಷರ ಬದಲಾಯಿಸಿಲ್ಲ."

ಹರಿದು ಹಾಕಬೇಕೆಂದೇ ಅವಳು ಕಾಗದ ಇಸಿದುಕೊಂಡಳು.

*

ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ಸತ್ತರೆ ಸರ್ಕಾರಕ್ಕೂ ಪತ್ರಿಕೆಗೂ ಸಂಘದ ಪರವಾಗಿ ಕಾಗದ ಬರೆಯುವುದು ಗುಮಾಸ್ತರ ಕೆಲಸ. ಜೀವ ಹೋಗುತ್ತಿರುವವರನ್ನು ಏನೂ ಕೇಳದೆ ಒಳಗೆ ಸೇರಿಸಬೇಕೆಂಬ ಕಾನೂನು ಮೂರು ಸಲ ಬಂತು. ಮೂರು ಸಲವೂ ಅವರ ಕಾಗದದ ಏಟಿಗೆ ಹಿಂದಕ್ಕೆ ಹೋಯಿತು. ಬರೆದದ್ದನ್ನೆಲ್ಲ ಊಟದ ಹೊತ್ತಿಗೆ ಹೆಂಡತಿಗೆ ಓದಿ ಹೇಳುವರು. ಅವಳಿಗೆ ಓದು ಬಾರದು, ಕೇಳಿದ್ದು ಮಾತ್ರ ಮರೆಯದು. ತಪ್ಪು ಹುಡುಕುವುದು ಆಗ ಶಾಲೆಗೆ ಹೋಗುತ್ತಿದ್ದ ಮಗಳ ಪಾಲಿಗೆ.

"ಕಾಗುಣಿತ ಆಮೇಲೆ ಪುಟ್ಟಾ, ಮೊದ್ಲು ಗಂಟೆ ನೋಡು. ಸಾವು ಮೊದ್ಲು, ಗೇಟು ಆಮೇಲೆ. ಹಿಂದುಮುಂದಾದ್ರೆ ನಮ್ಮ ಕತೆ ಮುಗೀತು."

"ನಿಜವಾಗ್ಲೂ ಮೊದ್ಲೇ ಸತ್ತಿದ್ರಾ ಅಪ್ಪ?"

"ಬಾಯಲ್ಲಿರೋದು ನುಂಗು."

ನಿನ್ನೆ ಗುಮಾಸ್ತರೇ ಗೇಟಿನ ಕಲ್ಲುಬೆಂಚಿನ ಮೇಲೆ ಎದೆ ಹಿಡಿದು ಕೂತು, "ನಾನು ಸಂಘದವನಪ್ಪ," ಎಂದಿದ್ದರು. ಕಾವಲುಗಾರ ನಕ್ಕಿದ್ದ. "ಇಲ್ಲಿಗೆ ಬರೋರೆಲ್ಲ ಯಾರಿಗೋ ಬೇಕಾದೋರೇ ಯಜಮಾನ್ರೇ. ಮೊದ್ಲು ಕೌಂಟರ್‌ಗೆ ಹೋಗಿ." ಹಾಗೇ ಅರ್ಧ ಗಂಟೆ. ಕೊನೆಗೆ ಮಗಳ ಕೈ ಹಿಡಿದು, "ಗಂಟೆ ಎಷ್ಟಾಯ್ತು?" ಎಂದು ಕೇಳಿದ್ದರು.

ಮನೆಗೆ ಬಂದು ಮಗಳು ತಾಯಿಗೆ ಹೇಳಿದ್ದೇ ಬೇರೆ. "ದಾರೀಲೇ ಹೋಗ್ಬಿಟ್ರಮ್ಮ. ನೋವೇ ಆಗ್ಲಿಲ್ಲ."

*

ಅಭ್ಯಾಸಬಲ, ಅವಳ ಕಣ್ಣು ಮೊದಲು ಗಂಟೆಗೇ ಹೋಯಿತು. ಗೇಟಿಗೆ ತಂದದ್ದು ನಾಲ್ಕು ಹತ್ತು. ಜೀವ ಹೋದದ್ದು ನಾಲ್ಕು ನಲವತ್ತು. ಹೊಸ ಗುಮಾಸ್ತ ಗೇಟಿನ ಪುಸ್ತಕದಲ್ಲಿದ್ದುದನ್ನು ಇದ್ದ ಹಾಗೇ ಇಳಿಸಿದ್ದ. ಅಧ್ಯಕ್ಷರು ಓದದೆ ಮೊಹರು ಒತ್ತಿದ್ದರು. ಇದು ಅಚ್ಚಾದರೆ ಸಂಘದ ಬಾಯಿಂದಲೇ ನಿಜ ಹೊರಬೀಳುತ್ತದೆ.

ಅವಳು ಹರಿಯಲಿಲ್ಲ. ಅಪ್ಪನ ಅಂಗಿಯ ಜೇಬಿಗೆ ತಾಯಿ ಸಿಕ್ಕಿಸಿದ್ದ ಪೆನ್ನು ತೆಗೆದು ಸರಕ್ಕನೆ ಸಹಿ ಹಾಕಿ ಕೊಟ್ಟಳು.

"ತಡೀರಿ," ಎನ್ನುತ್ತ ತಾಯಿ ಮೆಟ್ಟಿಲಿಳಿದು ಬಂದಳು. "ಅವರ ಕಾಗದ ನಾನು ಕೇಳ್ದೆ ಒಂದೂ ಹೋಗಿಲ್ಲ. ಓದಪ್ಪ."

ಮಗಳು ಬೇಡವೆನ್ನುವಷ್ಟರಲ್ಲಿ ಹೊಸ ಗುಮಾಸ್ತ ಓದತೊಡಗಿದ್ದ. ಗಂಟೆಯ ಸಾಲಿಗೆ ತಾಯಿ ಕೈಯೆತ್ತಿದಳು.

"ಹಿಂದುಮುಂದಾಗಿದೆಯಲ್ಲ? ದಾರೀಲೇ ಹೋದ್ರು ಅಂದ್ಲು ಇವಳು. ಇದು ನೋಡಿದ್ರೆ ಗೇಟಲ್ಲಿ ಅರ್ಧ ಗಂಟೆ ಒದ್ದಾಡ್ದಂಗಾಯ್ತಲ್ಲ... ಅಲ್ವೇನೇ?"

ಹೊಸ ಗುಮಾಸ್ತನ ಮುಖ ಬಿಳಿಚಿತು. ಅಧ್ಯಕ್ಷರು ಮಗಳನ್ನೇ ನೋಡಿದರು. ತಾಯಿಯೂ ನೋಡುತ್ತಿದ್ದಳು; ಅವಳ ತುಟಿ ಅದುರುತ್ತಿತ್ತು.

"ತಪ್ಪಾಗಿದೆ ಅಮ್ಮ," ಎಂದಳು ಮಗಳು. "ಮೂರು ನಲವತ್ತು."

ತಾಯಿ ಉಸಿರು ಬಿಟ್ಟಳು. "ನೋಡಿದ್ರಾ? ಅವರಿದ್ದಿದ್ರೆ ಇಂಥದ್ದು ಬಿಡ್ತಿದ್ರಾ?"

"ಅಂಥವರು ಇನ್ನು ಸಿಗಲ್ಲಮ್ಮ," ಎಂದರು ಅಧ್ಯಕ್ಷರು.

ತಿದ್ದಲು ಗಟ್ಟಿ ಜಾಗ ಬೇಕಿತ್ತು. ಸ್ಟ್ರೆಚರಿನ ಕಾಲ ಕಡೆ ಕಾಗದ ಹಾಸಿದರು. ಗಾಳಿ ಅದನ್ನು ಎಬ್ಬಿಸುತ್ತಿತ್ತು. ತಾಯಿ ಒಂದು ಮೂಲೆ ಒತ್ತಿ ಹಿಡಿದು, ಇನ್ನೊಂದನ್ನು ಗಂಡನ ಹಿಮ್ಮಡಿಯ ಕೆಳಗೆ ಸಿಕ್ಕಿಸಿದಳು. ಮಗಳು ಬಗ್ಗಿ ನಾಲ್ಕನ್ನು ಮೂರು ಮಾಡುವವರೆಗೂ ಆ ಹಿಮ್ಮಡಿ ಕಾಗದವನ್ನು ಅಲುಗಾಡಲು ಬಿಡಲಿಲ್ಲ.