ಎರಡು ಪ್ರಾರ್ಥನೆ ಹೊತ್ತು

ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದ ಅಪ್ಪ ಬಿಸ್ಕತ್ತು ಸುಡುವಾಗ ಮಾತ್ರ ಗಡಿಯಾರವನ್ನು ನಂಬುತ್ತಿರಲಿಲ್ಲ. "ಇವುಗಳ ಹೊಟ್ಟೆಯೊಳಗಿನ ಸುಳ್ಳೆಲ್ಲ ನಂಗೊತ್ತು" ಅನ್ನುತ್ತಿದ್ದ. ಅವನು ಬರೆದಿಟ್ಟುಹೋದ ಚೀಟಿಯಲ್ಲಿ ಮೈದಾ, ಬೆಣ್ಣೆ, ಸಕ್ಕರೆ ಎಲ್ಲಕ್ಕೂ ಲೋಟದ ಅಳತೆಯಿತ್ತು. ಕೊನೆಯ ಸಾಲು ಮಾತ್ರ ಹೀಗೆ: "ಓವನ್ನಿನಲ್ಲಿ ಎರಡು ಪ್ರಾರ್ಥನೆ ಹೊತ್ತು."

ಅವನು ತೀರಿಕೊಂಡ ಮೇಲೆ ಅಮ್ಮ ಚಹಾದ ಜೊತೆ ಏನನ್ನೂ ಮುಟ್ಟಿರಲಿಲ್ಲ. ಅಂಗಡಿ ಬಿಸ್ಕತ್ತು ಕೊಟ್ಟರೆ "ಹಲಗೆ ಚೂರು" ಎಂದು ತಟ್ಟೆ ಸರಿಸಿಬಿಡುವಳು. ಇವತ್ತು ಅವಳು ಒಂದಾದರೂ ತಿನ್ನಬೇಕು, ತಿಂದು "ಹೂಂ, ಅವರದೇ" ಅನ್ನಬೇಕು. ಮಗಳು ಹಟ ಹಿಡಿದಿದ್ದು ಅಷ್ಟಕ್ಕೇ.

ಆದರೆ ಮಗಳು ಬಸ್ ಕಂಡಕ್ಟರ್. ಹದಿನೇಳು ಸ್ಟಾಪುಗಳನ್ನು ಒಂದೇ ಉಸಿರಿಗೆ ಒದರಿ ಪಳಗಿದ ನಾಲಿಗೆ. ಎರಡು ಪ್ರಾರ್ಥನೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದವು. ಟ್ರೇ ಎಳೆದು ನೋಡಿದರೆ ಹಿಟ್ಟು ಹಿಟ್ಟಾಗಿಯೇ ಮಲಗಿತ್ತು. ಮತ್ತೆ ಒಳಗಿಟ್ಟರೆ ಚಪ್ಪಲಿ ಅಟ್ಟೆಯಾಯಿತು.

"ದೇವರಿಗೂ ರೈಟ್ ರೈಟ್ ಹೇಳ್ಬಿಟ್ಯಾ?" ಎಂದ ಅಣ್ಣ.

"ನೀನೇ ಹೇಳು ಮಹರಾಯ."

ಅಣ್ಣ ಕಣ್ಣು ಮುಚ್ಚಿ ಒಂದೊಂದು ಅಕ್ಷರವನ್ನೂ ಎಳೆದೆಳೆದು ಹೇಳಿದ. ಆದರೂ ಹೊತ್ತು ಸಾಲಲಿಲ್ಲ; ಎರಡನೆಯ ಟ್ರೇಗೂ ಅದೇ ಗತಿ. ಇನ್ನು ಉಳಿದದ್ದು ಒಂದೇ ಟ್ರೇಗಾಗುವಷ್ಟು ಹಿಟ್ಟು.

ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. "ಅವರೇನು ಬರೀ ಪ್ರಾರ್ಥನೆ ಹೇಳ್ತಿದ್ರಾ? ಸಾಲಿಗೊಂದ್ಸಲ ನನ್ನ ಬೈತಿದ್ರು. ನಾನೇನು ಸುಮ್ನಿರ್ತಿದ್ನಾ?"

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ಟ್ರೇ ಒಳಗೆ ಹೋಯಿತು. ಅಣ್ಣ ಅಪ್ಪನ ಹಾಗೆ ಗಂಟಲು ದಪ್ಪ ಮಾಡಿಕೊಂಡ.

"ಕರುಣಾಳು ದೇವರೇ... ಏ, ಆ ಕಿಟಕಿ ಹಾಕೇ, ಗಾಳಿ ನುಗ್ತಿದೆ!"

"ನೀವೇ ಹಾಕ್ರಿ, ಕಾಲಿಲ್ವಾ?" ಕುರ್ಚಿಯಿಂದಲೇ ಅಮ್ಮ ತಿರುಗೇಟು ಕೊಟ್ಟಳು.

"ನಮ್ಮನ್ನು ಕಾಪಾಡು... ಬೆಣ್ಣೆ ಡಬ್ಬಿಗೆ ಯಾರೇ ಬೆರಳದ್ದಿದ್ದು?"

"ನಿಮ್ಮ ಮುದ್ದಿನ ಮಗಳು! ಮೂಗೂ ನಿಮ್ದೇ, ಬುದ್ಧೀನೂ ನಿಮ್ದೇ!"

ಅಮ್ಮ ಯಾವಾಗ ಎದ್ದು ಸೊಂಟಕ್ಕೆ ಕೈಯಿಟ್ಟು ನಿಂತಳೋ ಯಾರೂ ನೋಡಲಿಲ್ಲ. ಎರಡನೆಯ ಪ್ರಾರ್ಥನೆಗೆ ಅವಳ ದನಿ ಪಕ್ಕದ ಮನೆಗೂ ಕೇಳುವಷ್ಟು ಏರಿತ್ತು.

"ಅನ್ನ ಕೊಡುವ ದೇವರೇ, ಇವಳಿಗೆ ಒಂಚೂರು ತಾಳ್ಮೇನೂ ಕೊಡಪ್ಪಾ..."

"ನಾನು ತಾಳಿದ್ದಾಯ್ತು! ದೇವ್ರೇ, ಈಗ ನಿನ್ನ ಹತ್ರಾನೇ ಬಂದಿದಾರಲ್ಲ, ಇನ್ನು ನೀನು ತಾಳ್ಕೋ!"

ಮೊದಲು ನಕ್ಕವಳು ಅಮ್ಮನೇ. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡವಳು ಥಟ್ಟನೆ ಮೂಗರಳಿಸಿ, "ತೆಗಿ, ತೆಗಿ! ಆಯ್ತು!" ಎಂದು ಕೂಗಿದಳು.

ಬಿಸ್ಕತ್ತು ಅಂಚೆಲ್ಲ ಕೆಂಪಗೆ, ನಡುವೆ ಹೊಂಬಣ್ಣವಾಗಿ ಬೆಂದಿತ್ತು. ಬಿಸಿ ಆರುವುದಕ್ಕೂ ಬಿಡದೆ ಅಮ್ಮ ಒಂದನ್ನು ಮುರಿದು ಬಾಯಿಗಿಟ್ಟಳು. ಮಗಳು ಉಸಿರು ಹಿಡಿದು ನಿಂತಳು.

"ಹೂಂ. ಅವರದೇ."

ಎರಡನೆಯದಕ್ಕೆ ಕೈಹಾಕುತ್ತ ಮಗನ ಕಡೆ ತಿರುಗಿದಳು: "ಕೊನೇಲಿ ನಮ್ಮಕ್ಕನ್ನೂ ಬೈತಿದ್ರು ಕಣೋ. ನಾಳೆ ಅದನ್ನ ಬಿಡ್ಬೇಡ, ಇನ್ನೊಂಚೂರು ಗರಿಗರಿಯಾಗ್ಬೇಕು."