ಅರಿಶಿನ ಡಬ್ಬಿಯೊಳಗಿನ ಗುಳಿಗೆ

ವಿಜಯಶ್ರೀ ಗದ್ವಾಲದ ಬಸ್ಸಿಳಿದು ಮಕ್ತಲ್‌ನ ತವರುಮನೆಗೆ ಕಾಲಿಟ್ಟದ್ದು ಶ್ರಾವಣದ ಮೂರನೇ ಸೋಮವಾರ. ನಡುಮನೆಯಲ್ಲಿ ಜಂಗಮರ ಊಟಕ್ಕೆ ಎಲೆ ಹಾಕುವ ಗಡಿಬಿಡಿ. ತಮ್ಮ ಕಾಂತೇಶ ಮಾತ್ರ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ. ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. "ಯಾವಾಗ ಬಂದಿ, ಅಕ್ಕಾ?" ಅನ್ನಲಿಲ್ಲ. ಕಣ್ಣೆತ್ತಿ ನೋಡಿದ, ಅಷ್ಟೇ. ಆ ನೋಟ ಅವಳಿಗೆ ಗೊತ್ತಿತ್ತು.

ಅಡುಗೆಮನೆಗೆ ನುಗ್ಗಿದಳು. "ಯವ್ವಾ, ಅವನ ಗುಳಿಗಿ ಕೊಡಾಕತ್ತೀಯೋ ಇಲ್ಲೋ?"

ಸಂಗಮ್ಮ ಹೋಳಿಗೆ ತಿರುವಿಹಾಕುತ್ತ ಬಾಗಿಲ ಕಡೆ ನೋಡಿದಳು. "ಮೆಲ್ಲಗ ಮಾತಾಡವ್ವಾ, ಮಂದಿ ಅದಾರ. ನಿಮ್ಮಪ್ಪ ಅವಗ ನೇಮ ಹಿಡಿಸ್ಯಾರ. ದಿನಾ ಪೂಜಿ, ಒಪ್ಪತ್ತು ಊಟ. ಗುಳಿಗಿ ನುಂಗಿದ್ರ ನೇಮ ಕೆಡತೈತಂತ. ಹೆಂಗೂ ಆರಾಮ ಆಗಿದ್ದ. ಒಂದು ತಿಂಗಳದ್ದು ಏನೈತಿ?"

ಏನೈತಿ! ವಿಜಯಶ್ರೀಗೆ ಅಡಿಯಿಂದ ಮುಡಿಯವರೆಗೂ ಉರಿದುಹೋಯಿತು. "ಆರಾಮ ಅನಿಸಿದರೂ ನನ್ನನ್ನು ಕೇಳದೆ ನಿಲ್ಲಿಸಬೇಡಿ" ಎಂದು ರಾಯಚೂರಿನ ಡಾಕ್ಟರು ಒಂದಲ್ಲ, ಮೂರು ಸಲ ಹೇಳಿದ್ದರು. ಯಾರ ಕಿವಿಗೆ ಬಿತ್ತು? ಅಪ್ಪನ ಗುಳಿಗೆಗಳು ಟಿವಿಯ ಪಕ್ಕದಲ್ಲಿ ರಾಜಾರೋಷವಾಗಿ ಬಿದ್ದಿರುತ್ತವೆ. ತಮ್ಮನವು ಅಟ್ಟದ ಮೇಲೆ, ಹಳೆಯ ಅರಿಶಿನ ಡಬ್ಬಿಯೊಳಗೆ, ಕದ್ದ ಮಾಲಿನಂತೆ. ಯಾರಾದರೂ ಕೇಳಿದರೆ ಮನೆಯವರ ಬಾಯಲ್ಲಿ ಒಂದೇ ಉತ್ತರ: ಹೊಟ್ಟೆನೋವು.

ಹೋದ ವರ್ಷವೂ ಹೊಟ್ಟೆನೋವೇ ಆಗಿತ್ತು! ಜೂರಾಲ ಅಣೆಕಟ್ಟಿನ ಮೇಲೆ ಒಬ್ಬನೇ ನಿಂತಿದ್ದ ಕಾಂತೇಶನನ್ನು ಅಲ್ಲಿ ಮೀನು ಹುರಿದು ಮಾರುವ ತಾಯಣ್ಣ ಕೈಹಿಡಿದು ತಂದು ಕೂರಿಸಿಕೊಂಡಿದ್ದ, ಮನೆಗೆ ಫೋನು ಮಾಡಿದ್ದ. ಅಲ್ಲಿಗೆ ಧಾವಿಸಿದ ಅಪ್ಪ ಶರಣಯ್ಯ ಮಗನನ್ನು ಕೇಳಿದ ಮೊದಲ ಮಾತೇನು ಗೊತ್ತೇ? "ಈ ಅಂಗಡ್ಯಾಗ ಏನೂ ತಿಂದಿಲ್ಲ ಹೌದಲ್ಲ?" ಸಾಯಲು ನಿಂತ ಮಗನನ್ನು ಕೇಳುವ ಮಾತೇ ಅದು? ಆ ಮಾತು ವಿಜಯಶ್ರೀಯ ಗಂಟಲಲ್ಲಿ ಇವತ್ತಿಗೂ ಮುಳ್ಳಾಗಿ ನಿಂತಿದೆ.

ಎಲೆಯ ಮುಂದೆ ಕೂತ ಶರಣಯ್ಯ ವಾಡಿಕೆಯಂತೆ ಜೇಬಿನಿಂದ ಶುಗರ್ ಗುಳಿಗೆ ತೆಗೆದ. ಪಕ್ಕದಲ್ಲಿ ಕೂತಿದ್ದ ಹಿರಿಯ ಜಂಗಮ ಗುರುಲಿಂಗಯ್ಯನವರತ್ತ ನೋಡಿ ಸಂಕೋಚದಿಂದ ನಕ್ಕ.

"ನುಂಗ್ರಿ, ನುಂಗ್ರಿ," ಎಂದರು ಅವರು. "ಔಷಧಕ್ಕ ಎಲ್ಲೀ ನೇಮರೀ!"

ಪಲ್ಯ ಬಡಿಸುತ್ತಿದ್ದ ವಿಜಯಶ್ರೀ ಪಾತ್ರೆಯನ್ನು ನೆಲಕ್ಕೆ ಕುಕ್ಕಿ, ಅಪ್ಪನ ಕೈಯಿಂದ ಗುಳಿಗೆ ಕಸಿದುಕೊಂಡಳು.

"ಬ್ಯಾಡ್ರಿ ಅಪ್ಪಾ. ಶ್ರಾವಣ ಐತಿ. ನೇಮ ಕೆಡತೈತಿ."

"ಏನ್ ಚಾಷ್ಟಿ ಇದು? ಕೊಡು ಇತ್ಲಾಗ!"

"ಮನಸ್ಸು ಗಟ್ಟಿ ಮಾಡ್ಕೊಳ್ರಿ, ಶುಗರ್ ತಾನ ಇಳೀತೈತಿ. ನಿಮ್ಮ ಮಗಗ ಹಂಗ ಹೇಳ್ತೀರಲ್ಲ?"

ಪಂಕ್ತಿಯಲ್ಲಿ ಕೈಗಳು ನಿಂತವು. ಶರಣಯ್ಯನ ಮುಖ ಕೆಂಪೇರಿತು. "ನಂದು ಬ್ಯಾರೆ, ಅವಂದು ಬ್ಯಾರೆ! ಹುಚ್ಚ ಅಂತಾರ ಮಂದಿ. ನಾಳೆ ಯಾರು ಹೆಣ್ಣು ಕೊಡ್ತಾರ ಅವಗ?"

"ಮೊದಲು ಜೀವ ಉಳೀಲಿರೀ, ಆಮ್ಯಾಲ ಹೆಣ್ಣು ನೋಡ್ರಂತ! ಮಂದಿ, ಮಂದಿ! ಆ ಮಂದಿ ಬಾಯಿಗಿ ನನ್ನ ತಮ್ಮನ್ನ ಹಾಕ್ತೀರೇನು?" ಅವಳ ದನಿ ಬೀದಿಗೆ ಕೇಳುತ್ತಿತ್ತು. ಕೇಳಲಿ ಎಂದೇ ಕೂಗಿದ್ದಳು.

"ಅಕ್ಕಾ."

ಹಿತ್ತಲ ಬಾಗಿಲಲ್ಲಿ ಕಾಂತೇಶ ನಿಂತಿದ್ದ.

"ಅಪ್ಪಾ, ನಿನ್ನೆ ಅಂಗಡಿಗಿ ಅಂತ ಹೇಳಿ ಜೂರಾಲಕ್ಕ ಹೋಗಿದ್ದೆ."

ಒಲೆಯ ಮುಂದೆ ಸಂಗಮ್ಮನ ಕೈಯಿಂದ ಸೌಟು ಬಿತ್ತು.

"ತಾಯಣ್ಣ ದೂರದಿಂದನ ಹೆಸರು ಹಿಡಿದು ಕೂಗಿದ. ಏನೂ ಕೇಳಲಿಲ್ಲ. ಕುಂದ್ರಿಸಿ ಅನ್ನ ಇಟ್ಟ. ಯಾವ ಸಾರು ಅಂತ ನಾನೂ ಕೇಳಲಿಲ್ಲ. ಉಂಡೆ." ಅವನು ಹೊಸ್ತಿಲು ದಾಟಿ ಒಳಬಂದ. "ನೇಮ ನಿನ್ನೇನ ಮುರೀತು. ಇನ್ನರ ದವಾಖಾನಿಗಿ ಕರಕೊಂಡು ಹೋಗ್ರಿ."

ಶರಣಯ್ಯ ಈ ಸಲ ಏನು ತಿಂದೆ ಎಂದು ಕೇಳಲಿಲ್ಲ, ಏಳಲು ಹೋದವನು ತಡೆದ. ಬಡಿಸಿದ ಎಲೆ ಬಿಟ್ಟು ಏಳುವುದು ಆ ಮನೆಯಲ್ಲಿ ಮಹಾಪಾಪ. ಅವನು ಗುರುಲಿಂಗಯ್ಯನವರ ಮುಖ ನೋಡಿದ.

"ನನ್ನೇನ್ ನೋಡ್ತಿ? ಏಳು!" ಎಂದು ಗದರಿದರು ಅವರು. "ಗಾಡಿ ತರಿಸು ಮೊದಲು!"

ವಿಜಯಶ್ರೀ ಗುಳಿಗೆಯನ್ನು ಅಪ್ಪನ ಅಂಗೈಗೆ ಹಾಕಿ, ಒಂದು ಹೋಳಿಗೆಯನ್ನೂ ತುರುಕಿದಳು. "ನುಂಗ್ರಿ. ಖಾಲಿ ಹೊಟ್ಟೀಲೆ ಹಾದ್ಯಾಗ ನೀವೂ ಬಿದ್ದರ ನಾ ಎಷ್ಟು ಮಂದೀನ ಹೊರಲಿ?" ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

ಗಾಡಿ ಬಂತು. ಗಲಾಟೆ ಕೇಳಿ ಎದುರು ಮನೆಯ ಬಾಲಯ್ಯ ಕಟ್ಟೆಯ ಮೇಲೆ ಬಂದು ನಿಂತಿದ್ದ. "ಊಟದ ಹೊತ್ತಿನ್ಯಾಗ ಎಲ್ಲಿಗಿರೀ ಶರಣಯ್ಯನೋರೆ?"

"ಮಗಗ ಹೊಟ್ಟಿ..." ಎಂದು ಶರಣಯ್ಯನ ನಾಲಿಗೆ ರೂಢಿಯ ಮೇಲೆ ಹೊರಳಿತು.

ಅಷ್ಟರಲ್ಲಿ ಸಂಗಮ್ಮ ಹೊರಗೆ ಬಂದಳು. ಕೈಯಲ್ಲಿ ಅರಿಶಿನ ಡಬ್ಬಿ, ಸೆರಗಿನ ತುಂಬ ಅಟ್ಟದ ಧೂಳು. ಡಾಕ್ಟರಿಗೆ ತೋರಿಸಬೇಕಾದ ಗುಳಿಗೆಗಳು ಅದರೊಳಗೆ ಗಲಗಲ ಸದ್ದು ಮಾಡುತ್ತಿದ್ದವು. ಅವಳು ಸೆರಗಿನಡಿ ಅದನ್ನು ಮುಚ್ಚಿಕೊಳ್ಳಲಿಲ್ಲ.

"ಹೊಟ್ಟೀನೂ ಅಲ್ಲ, ಮಣ್ಣೂ ಅಲ್ಲ," ಎಂದಳು ಬಾಲಯ್ಯನಿಗೆ. "ಮಗನ ಮನಸ್ಸಿಗಿ ಆರಾಮಿಲ್ಲ. ಮನಸ್ಸಿನ ಡಾಕ್ಟರ್ ಹತ್ರ ಹೊಂಟೀವಿ. ಮತ್ತೇನರ ಕೇಳೂದೈತೇನು?"

ಬಾಲಯ್ಯ ಇಲ್ಲವೆಂದು ತಲೆಯಾಡಿಸಿದ. ಸಂಗಮ್ಮ ಗಾಡಿ ಹತ್ತಿ, ಮಗನ ಪಕ್ಕದಲ್ಲಿ ಕೂತು, ಮೇಲೆ ಕೆಳಗಾಗಿದ್ದ ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕತೊಡಗಿದಳು.