ಕಿಡ್ನಿ ಕೊಟ್ಟರೆ ಮೈ ವಾಲುತ್ತದೆಯೇ?

ದರ್ಜಿಯ ಹೆಂಡತಿಯ ಕಾಲು ಊದಿಕೊಂಡಾಗ ಮೊದಮೊದಲು ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದಿನವಿಡೀ ಕೂತು ಗುಂಡಿ ಹಾಕುವವಳು, ಊದದೆ ಇನ್ನೇನು ಎಂದುಕೊಂಡರು. ರಕ್ತದೊತ್ತಡದ ಮಾತ್ರೆಯನ್ನು ಅವಳು ನೆನಪಾದಾಗ ನುಂಗುತ್ತಿದ್ದಳು. ಬೆನ್ನುನೋವಿನ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದಳು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಆಮೇಲೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧಿ ಮಾಡಿಸಿಕೊಂಡು, ಗೋಡೆ ಹಿಡಿದು ಮನೆಯೊಳಗೆ ಬರುತ್ತಿದ್ದಳು.

ಮಹಡಿಯಲ್ಲಿ ಬಾಡಿಗೆಗಿದ್ದ ಡಾಕ್ಟರಮ್ಮ ಕಿಡ್ನಿ ರೋಗ ಮತ್ತು ಕಿಡ್ನಿ ಕಸಿಯ ಬಗ್ಗೆ ಸಂಶೋಧನೆ ಮಾಡುವವರು. ಹಿಂದೆ ಪ್ರಯೋಗಾಲಯದಲ್ಲಿ ಇಲಿಗಳ ಜೊತೆ ವರ್ಷಗಟ್ಟಲೆ ಕಳೆದದ್ದರಿಂದ ಬೀದಿಯವರ ಬಾಯಲ್ಲಿ ‘ಇಲಿ ಡಾಕ್ಟರು’ ಆಗಿದ್ದರು. ಒಂದು ಸಂಜೆ ಬಿಳಿ ಕೋಟಿನ ಹರಿದ ಜೇಬು ಹೊಲಿಸಲು ಬಂದವರು ನೇರವಾಗಿ ಮಾತಿಗಿಳಿದರು.

“ನಿಮ್ಮ ಹೆಂಡತಿಗೆ ಕಿಡ್ನಿ ಕಸಿ ಮಾಡಿಸಿದ್ರೆ ಒಳ್ಳೇದು. ಮನೇಲಿ ಯಾರಾದ್ರೂ ಒಂದು ಕಿಡ್ನಿ ಕೊಡ್ತೀರಾ?”

“ಯಾರೂ ಕೊಡೋದು ಬೇಡ,” ಒಳಗಿನಿಂದ ಹೆಂಡತಿ ಕೂಗಿದಳು.

ದರ್ಜಿ ತಲೆ ತಗ್ಗಿಸಿದ. ಮದುವೆಯಾದ ಹೊಸದರಲ್ಲಿ ಪ್ರಾಣ ಬೇಕಾದರೂ ಕೊಡುತ್ತೇನೆ ಎಂದಿದ್ದವನು ಅವನೇ. ಈಗ ಭಯವೂ ಆಗಿತ್ತು, ನಾಚಿಕೆಯೂ ಆಗಿತ್ತು.

“ಕೊಡೋಕೆ ನಂಗೂ ಆಸೆನೇ ಡಾಕ್ಟ್ರೆ. ಆದ್ರೆ ಒಂದು ಕಡೆಯಿಂದ ತೆಗೆದ್ರೆ ಮೈ ವಾಲುತ್ತಲ್ಲ? ದಿನಾ ಚೀಲ ಹೊರೋರ ಒಂದು ಭುಜ ಇಳಿದಿರುತ್ತೆ, ಅಳತೆ ತಗೊಳ್ಳುವಾಗ ನೋಡಿದೀನಿ. ಇದು ಒಳಗಿನದೇ ಹೋಗೋದು! ವಾಲಿಕೊಂಡು ಮಷಿನ್ ತುಳಿಯೋದು ಹೇಗೆ? ಇಬ್ರೂ ಮೂಲೆ ಹಿಡಿದ್ರೆ ಮನೆ ಗತಿ?”

ಡಾಕ್ಟರಮ್ಮ ನಗಲಿಲ್ಲ. “ನಾಳೆ ಟೇಪ್ ತಗೊಂಡು ನಮ್ಮ ಆಸ್ಪತ್ರೆಗೆ ಬನ್ನಿ,” ಎಂದರು.

ಕಿಡ್ನಿ ಕೊಟ್ಟವರು ಆಮೇಲೆ ಹೇಗಿದ್ದಾರೆ ಎಂದು ವರ್ಷವರ್ಷವೂ ಕರೆದು ಪರೀಕ್ಷಿಸುವುದು ಅವರ ಸಂಶೋಧನೆಯ ಒಂದು ಭಾಗ. ಮರುದಿನ ಬೆಂಚಿನ ತುಂಬ ಜನರಿದ್ದರು. ದರ್ಜಿ ಒಬ್ಬೊಬ್ಬರ ಭುಜವನ್ನೂ ಕಣ್ಣಲ್ಲೇ ಅಳೆದ. ಬಾಗಿಲ ಬಳಿಯ ಮುದುಕನ ಬಲ ಭುಜ ಇಳಿದಿತ್ತು.

“ನೋಡಿ, ಇವರು ಕೊಟ್ಟೋರು!”

“ನಾನಾ?” ಮುದುಕ ಬೆಚ್ಚಿದ. “ನಾನಿಲ್ಲಿ ಕಾವಲುಗಾರ ಕಣಪ್ಪ. ಯಾರಿಗೂ ಒಂದು ಬೀಡಿ ಕೂಡ ಕೊಟ್ಟೋನಲ್ಲ!”

ಬೆಂಚಿಗೆ ಬೆಂಚೇ ನಕ್ಕಿತು. ಗಟ್ಟಿಮುಟ್ಟಾದ ಗಾರೆ ಕೆಲಸದ ಹೆಂಗಸೊಬ್ಬಳು ಎದ್ದು ಬೆನ್ನು ತಿರುಗಿಸಿ ನಿಂತಳು. “ತಮ್ಮನಿಗೆ ಕೊಟ್ಟೋಳು ನಾನು. ಹತ್ತು ವರ್ಷ ಆಯ್ತು. ಅಳತೆ ತಗೋ.”

ದರ್ಜಿ ಟೇಪ್ ಹಿಡಿದ. ಎರಡೂ ಭುಜ ಸಮವಾಗಿದ್ದವು. ಅವನು ಇನ್ನೊಮ್ಮೆ ಅಳೆದ.

“ಅಪಾಯವೇ ಇಲ್ಲ ಅಂತ ಸುಳ್ಳು ಹೇಳಲ್ಲ,” ಎಂದರು ಡಾಕ್ಟರಮ್ಮ. “ಆಪರೇಷನ್ ಅಂದ್ರೆ ಆಪರೇಷನ್ನೇ. ಅದಕ್ಕೇ ಮೊದಲು ನಿಮ್ಮನ್ನ ಪೂರ್ತಿ ಪರೀಕ್ಷೆ ಮಾಡ್ತೀವಿ. ನಿಮಗೆ ತೊಂದ್ರೆ ಆಗೋ ಹಾಗಿದ್ರೆ ಕಾಲಿಗೆ ಬಿದ್ರೂ ತಗೊಳ್ಳಲ್ಲ. ಎಲ್ಲ ಸರಿ ಇದ್ರೆ ಉಳಿದ ಒಂದೇ ಕಿಡ್ನಿ ಸಾಕು. ವರ್ಷ ವರ್ಷ ಬಂದು ತೋರಿಸ್ಕೊಳ್ಳಿ.”

ದರ್ಜಿ ಕೊಡಲು ತಯಾರಾದ. ಮನೆಯಲ್ಲಿ ಹೆಂಡತಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. “ನಿಮಗೇನಾದ್ರೂ ಆದ್ರೆ?”

“ನೀನಿಲ್ದೆ ಎರಡು ಕಿಡ್ನಿ ಇಟ್ಕೊಂಡು ನಾನೇನು ಮಾಡ್ಲಿ?”

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಸಿಯಾದ ಮೇಲೆ ದಿನವೂ ಮಾತ್ರೆ ತಪ್ಪಿಸಬಾರದು, ಇಲ್ಲವಾದರೆ ಹೊಸ ಕಿಡ್ನಿಯ ಜೊತೆ ದೇಹ ಜಗಳಕ್ಕೆ ನಿಲ್ಲುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು.

“ಇವರ ಜೊತೆ ಜಗಳ ಆಡಿ ನಂಗೆ ಅಭ್ಯಾಸ ಇದೆ ಬಿಡಿ,” ಎಂದಳು ಅವಳು. ಅದೇ ಅವಳ ಒಪ್ಪಿಗೆ.

ಪರೀಕ್ಷೆಯಲ್ಲಿ ಎಲ್ಲವೂ ಹೊಂದಿತು, ಕಸಿಯೂ ನಡೆಯಿತು. ಕಾಯಿಲೆ ಬಿದ್ದಾಗಿನಿಂದ ವೈದ್ಯರ ಕಟ್ಟಪ್ಪಣೆಯಂತೆ ಗುಟುಕು ಲೆಕ್ಕದಲ್ಲಿ ನೀರು ಕುಡಿಯುತ್ತಿದ್ದವಳ ಕೈಗೆ ಒಂದು ದಿನ ನರ್ಸ್ ತುಂಬಿದ ಲೋಟ ಕೊಟ್ಟು, “ಪೂರ್ತಿ ಕುಡೀರಿ,” ಎಂದಳು. ಅವಳು ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದಳು. ಪಕ್ಕದಲ್ಲಿ ಕೂತಿದ್ದ ದರ್ಜಿ ಹೊಲಿಗೆಯ ನೋವನ್ನೂ ಮರೆತು ಅತ್ತುಬಿಟ್ಟ.

ಅಕ್ಕಂದಿರೇ, ಅಣ್ಣಂದಿರೇ, ಬಿಪಿಯೋ ಸಕ್ಕರೆ ಕಾಯಿಲೆಯೋ ಇದ್ದರೆ ವರ್ಷಕ್ಕೊಮ್ಮೆಯಾದರೂ ಮೂತ್ರ, ರಕ್ತ ಪರೀಕ್ಷೆ ಮಾಡಿಸಿ. ವೈದ್ಯರನ್ನು ಕೇಳದೆ ದಿನಾ ನೋವಿನ ಮಾತ್ರೆ ನುಂಗಬೇಡಿ. ನಿಮ್ಮವರಿಗೆ ಕಿಡ್ನಿ ಬೇಕಾಗಿದ್ದು ನಿಮಗೆ ಭಯವಿದ್ದರೆ, ಆ ಭಯವನ್ನು ಬಚ್ಚಿಡದೆ ವೈದ್ಯರ ಮುಂದೆ ಹೇಳಿ. ಮೊದಲು ಕೇಳಿ ತಿಳಿಯಿರಿ. ಆಮೇಲೂ ಹೆದರುವುದಿದ್ದರೆ ಹೆದರಿ.